ಗರ್ಭಕೋಶದ ಸಣ್ಣ ಆಪರೇಶನ್: ಭಯ ಬೇಡ, ವರದಿ ಮರೆಯಬೇಡಿ

"ಗರ್ಭಕೋಶ ಒಮ್ಮೆ ಕ್ಲೀನ್ ಮಾಡಿಸಬೇಕಂತೆ." ಜಯನಗರದಲ್ಲೋ ಬಿಟಿಎಂ ಲೇಔಟ್‌ನಲ್ಲೋ ಸ್ಕ್ಯಾನ್ ಮಾಡಿಸಿ ವೈದ್ಯರನ್ನು ಕಂಡು ಬಂದ ಸಹೋದರಿಯರು ಮನೆಯಲ್ಲಿ ಹೇಳುವುದು ಹೆಚ್ಚಾಗಿ ಇಷ್ಟೇ. ಯಾಕೆ ಮಾಡಿಸಬೇಕು, ಹೇಗೆ ಮಾಡುತ್ತಾರೆ, ಎಷ್ಟು ದಿನ ಮಲಗಬೇಕು ಎಂಬುದು ಅವರಿಗೂ ಸರಿಯಾಗಿ ತಿಳಿದಿರುವುದಿಲ್ಲ. ಕೇಳಲು ಸಂಕೋಚ. ಅಷ್ಟರಲ್ಲಿ ನೆಂಟರಲ್ಲಿ ಒಬ್ಬರು "ಅದೇನು ಮಹಾ, ಹತ್ತು ನಿಮಿಷದ ಕೆಲಸ" ಎನ್ನುತ್ತಾರೆ. ಇನ್ನೊಬ್ಬರು "ಮಕ್ಕಳಾದವಲ್ಲ, ಗರ್ಭಕೋಶವನ್ನೇ ತೆಗೆಸಿಬಿಡು, ತಲೆನೋವು ಮುಗಿಯುತ್ತದೆ" ಎಂದು ಸಲಹೆ ಕೊಡುತ್ತಾರೆ.

ಎರಡು ಮಾತೂ ಪೂರ್ತಿ ಸರಿಯಲ್ಲ. ಆಪರೇಶನ್ ಸಣ್ಣದು ಎಂಬುದು ನಿಜ. ಹೊಟ್ಟೆ ಕೊಯ್ಯುವುದಿಲ್ಲ, ಹೊಲಿಗೆ ಇಲ್ಲ, ಹೆಚ್ಚಿನವರು ಅದೇ ದಿನ ಮನೆಗೆ ಬರುತ್ತಾರೆ. ಆದರೆ ಒಳಗಿನಿಂದ ತೆಗೆದ ಆ ಚೂರು ಪೊರೆಯ ಪರೀಕ್ಷೆಯ ವರದಿ ಸಣ್ಣದಲ್ಲ. ನಿಮಗೆ ಮುಂದೆ ಯಾವ ಚಿಕಿತ್ಸೆ ಬೇಕು, ದೊಡ್ಡ ಆಪರೇಶನ್ ಬೇಕೋ ಬೇಡವೋ ಎಂದು ಹೇಳುವುದು ಆ ಕಾಗದವೇ. ಈ ಲೇಖನ ಓದಿದ ಮೇಲೆ ನಿಮಗೆ ಒಂದೇ ಮಾತು ನೆನಪಿನಲ್ಲಿ ಉಳಿಯುವುದಾದರೆ ಅದು ಇದಾಗಿರಲಿ: ವರದಿ ಕೈಗೆ ಬರುವವರೆಗೆ ಚಿಕಿತ್ಸೆ ಮುಗಿದಿಲ್ಲ.

ಏನಿದು ಆಪರೇಶನ್?

ಗರ್ಭಕೋಶದ ಒಳಗೋಡೆಗೆ ಒಂದು ಮೃದುವಾದ ಪೊರೆ ಇದೆ. ಪ್ರತಿ ತಿಂಗಳು ಅದು ಬೆಳೆದು, ಗರ್ಭ ನಿಲ್ಲದಿದ್ದರೆ ಮುಟ್ಟಿನ ರೂಪದಲ್ಲಿ ಕಳಚಿ ಹೋಗುತ್ತದೆ. ಈ ಪೊರೆಯನ್ನು ಪರೀಕ್ಷಿಸಲು ಅಥವಾ ಅಲ್ಲಿ ಉಳಿದುಕೊಂಡದ್ದನ್ನು ತೆಗೆಯಲು ಮುಖ್ಯವಾಗಿ ಮೂರು ವಿಧಾನಗಳಿವೆ.

ಮೊದಲನೆಯದು ಡಿ ಅಂಡ್ ಸಿ. ಯೋನಿಮಾರ್ಗದ ಮೂಲಕ ಗರ್ಭಕೋಶದ ಬಾಯಿಯನ್ನು ಸ್ವಲ್ಪ ಹಿಗ್ಗಿಸಿ, ಚಮಚದಂಥ ಸಣ್ಣ ಸಲಕರಣೆಯಿಂದ ಒಳಪೊರೆಯನ್ನು ಕೆರೆದು ತೆಗೆಯುತ್ತಾರೆ. "ಕ್ಲೀನ್ ಮಾಡುವುದು" ಎಂದು ಜನ ಕರೆಯುವುದು ಇದನ್ನೇ. ಹೆಸರು ಹಾಗಿದ್ದರೂ ಒಳಗೆ ಕೊಳೆ ಇದೆ ಎಂದು ಅರ್ಥವಲ್ಲ.

ಎರಡನೆಯದು ಹಿಸ್ಟರೋಸ್ಕೋಪಿ. ಪರೀಕ್ಷೆಗೆ ಬಳಸುವ ಕ್ಯಾಮೆರಾ ಕೊಳವೆ 3ರಿಂದ 5 ಮಿಲಿಮೀಟರ್ ದಪ್ಪ ಇರುತ್ತದೆ. ಅದನ್ನು ಒಳಗೆ ಕಳುಹಿಸಿ, ಸಲೈನ್ ದ್ರಾವಣದಿಂದ ಗರ್ಭಕೋಶವನ್ನು ಸ್ವಲ್ಪ ಅರಳಿಸಿ, ಪರದೆಯ ಮೇಲೆ ನೇರವಾಗಿ ನೋಡುತ್ತಾರೆ. ಪಾಲಿಪ್ ಎಂಬ ಸಣ್ಣ ಗಡ್ಡೆ ಕಂಡರೆ ಅದನ್ನಷ್ಟೇ ಗುರಿಯಿಟ್ಟು ತೆಗೆಯಬಹುದು. ಕುರುಡಾಗಿ ಕೆರೆಯುವಾಗ ಪಾಲಿಪ್ ತಪ್ಪಿಹೋಗುವ ಸಾಧ್ಯತೆ ಇರುವುದರಿಂದ ಈಗ ಹಲವು ಕಡೆ ಎರಡನ್ನೂ ಒಟ್ಟಿಗೆ ಮಾಡುತ್ತಾರೆ. ಮುಟ್ಟು ನಡೆಯುತ್ತಿರುವವರಿಗೆ ಮುಟ್ಟು ನಿಂತ ಬೆನ್ನಿಗೇ ದಿನ ಕೊಡುವುದು ವಾಡಿಕೆ. ಆಗ ಪೊರೆ ತೆಳುವಾಗಿದ್ದು ಒಳಗೆಲ್ಲ ಸ್ಪಷ್ಟವಾಗಿ ಕಾಣುತ್ತದೆ.

ಮೂರನೆಯದು ಗರ್ಭಪಾತದ ನಂತರ ಒಳಗೆ ಉಳಿದ ಅಂಶವನ್ನು ತೆಗೆಯುವುದು. ಇದಕ್ಕೆ ಕೆರೆಯುವುದಕ್ಕಿಂತ, ಮೆಲ್ಲಗೆ ಹೀರಿ ತೆಗೆಯುವ ವ್ಯಾಕ್ಯೂಮ್ ವಿಧಾನವೇ ಉತ್ತಮ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಹೆಚ್ಚು ಕೆರೆದರೆ ಒಳಗೋಡೆಗಳು ಒಂದಕ್ಕೊಂದು ಅಂಟಿಕೊಳ್ಳುವ ಅಪಾಯವಿದೆ. ಮುಂದೆ ಮಕ್ಕಳು ಬೇಕೆನ್ನುವವರು "ಯಾವ ವಿಧಾನದಲ್ಲಿ ಮಾಡುತ್ತೀರಿ?" ಎಂದು ಕೇಳುವುದರಲ್ಲಿ ತಪ್ಪೇನಿಲ್ಲ.

ಮದುವೆಯಾಗದ ಹೆಣ್ಣುಮಕ್ಕಳಿಗೆ ಅತಿಸ್ರಾವವಾದರೆ ಸಾಮಾನ್ಯವಾಗಿ ಇದ್ಯಾವುದೂ ಮೊದಲ ಹೆಜ್ಜೆಯಲ್ಲ. ಹೊಟ್ಟೆಯ ಮೇಲಿನಿಂದ ಮಾಡುವ ಸ್ಕ್ಯಾನ್, ರಕ್ತ ಮತ್ತು ಥೈರಾಯ್ಡ್ ಪರೀಕ್ಷೆ, ಮಾತ್ರೆ, ಇವುಗಳಿಂದಲೇ ಹೆಚ್ಚಿನವರಿಗೆ ಗುಣವಾಗುತ್ತದೆ.

ಮುಂದೂಡಬಾರದ ರಕ್ತಸ್ರಾವ

ಅತಿಯಾದ ಮುಟ್ಟು, ಎರಡು ಮುಟ್ಟಿನ ನಡುವೆ ರಕ್ತ, ಸಂಭೋಗದ ನಂತರ ರಕ್ತ, ಸ್ಕ್ಯಾನ್‌ನಲ್ಲಿ ಪೊರೆ ದಪ್ಪ ಕಾಣುವುದು, ಪಾಲಿಪ್, ಮಕ್ಕಳಾಗದಿರುವುದು, ಇವೆಲ್ಲ ವೈದ್ಯರನ್ನು ಕಾಣಬೇಕಾದ ಕಾರಣಗಳು. ಇವುಗಳಲ್ಲಿ ಒಂದನ್ನು ಮಾತ್ರ ಪ್ರತ್ಯೇಕವಾಗಿ ಹೇಳಬೇಕು: ಮುಟ್ಟು ಪೂರ್ತಿ ನಿಂತು ಒಂದು ವರ್ಷ ಕಳೆದ ಮೇಲೆ ಮತ್ತೆ ರಕ್ತ ಕಾಣಿಸಿಕೊಂಡರೆ, ಅದು ಒಂದೇ ಹನಿಯಾಗಿದ್ದರೂ ಪರೀಕ್ಷೆ ಬೇಕೇ ಬೇಕು. ಹೀಗೆ ರಕ್ತ ಕಂಡ ಹತ್ತು ಮಹಿಳೆಯರಲ್ಲಿ ಸುಮಾರು ಒಂಬತ್ತು ಮಂದಿಗೆ ಕ್ಯಾನ್ಸರ್ ಇರುವುದಿಲ್ಲ. ಪೊರೆ ಒಣಗಿರುವುದು, ಪಾಲಿಪ್ ಇತ್ಯಾದಿ ಸಾಮಾನ್ಯ ಕಾರಣಗಳಿರುತ್ತವೆ. ಆದರೆ ಆ ಹತ್ತನೆಯವರು ನೀವಲ್ಲ ಎಂದು ಪರೀಕ್ಷೆಯಿಲ್ಲದೆ ಹೇಳಲಾಗದು. ಗರ್ಭಕೋಶದ ಒಳಪೊರೆಯ ಕ್ಯಾನ್ಸರ್ ಬೇಗನೆ ರಕ್ತದ ಮೂಲಕ ಸೂಚನೆ ಕೊಡುತ್ತದೆ. ಆ ಸೂಚನೆಯನ್ನು ಕೇಳಿಸಿಕೊಂಡವರಿಗೆ ಹೆಚ್ಚಾಗಿ ಪೂರ್ಣ ಗುಣವಾಗುತ್ತದೆ.

ನಮ್ಮ ಮನೆಗಳಲ್ಲಿ ಆಗುವುದೇನು? "ರಮಝಾನ್ ಮುಗಿಯಲಿ", "ಮಗಳ ಮದುವೆ ಮುಗಿಯಲಿ", "ಉಮ್ರಾದಿಂದ ಬರಲಿ" ಎಂದು ತಿಂಗಳುಗಳು ಉರುಳುತ್ತವೆ. ಐವತ್ತೈದು ವರ್ಷದ ತಾಯಿ ಮಗನಿಗೆ ಹೇಳುವುದು ಹೇಗೆ ಎಂದು ಸುಮ್ಮನಿರುತ್ತಾರೆ. ಸೊಸೆಗೆ ಹೇಳಲೂ ಲಜ್ಜೆ. ನೆನಪಿಡಿ, ಫಾತಿಮಾ ಬಿಂತ್ ಅಬೀ ಹುಬೈಶ್(ರ) ಎಂಬ ಸಹಾಬಿ ಮಹಿಳೆ ತಮ್ಮ ನಿಲ್ಲದ ರಕ್ತಸ್ರಾವದ ವಿಷಯವನ್ನು ನೇರವಾಗಿ ಪ್ರವಾದಿವರ್ಯರ(ಸ) ಬಳಿಯೇ ಕೇಳಿದ್ದರು. ಪ್ರವಾದಿವರ್ಯರು(ಸ) ಅವರನ್ನು ಸುಮ್ಮನಾಗಿಸಲಿಲ್ಲ, ಸ್ಪಷ್ಟ ಉತ್ತರ ಕೊಟ್ಟರು. ಲಜ್ಜೆ ಈಮಾನಿನ ಭಾಗ ಎಂಬುದು ಸರಿ. ಕಾಯಿಲೆ ಮುಚ್ಚಿಡುವುದು ಲಜ್ಜೆಯಲ್ಲ.

ದಿನ ಗೊತ್ತುಮಾಡುವಾಗ ಕೇಳಿ

ತಿಲಕ್‌ನಗರ, ಗುರಪ್ಪನಪಾಳ್ಯ, ಬನಶಂಕರಿ, ಜೆಪಿ ನಗರದ ಕಡೆಯವರಿಗೆ ಖಾಸಗಿ ಆಸ್ಪತ್ರೆಗಳಿಗೆ ಕೊರತೆಯಿಲ್ಲ. ಖರ್ಚಿನ ಚಿಂತೆ ಇದ್ದರೆ ಜಯನಗರ 4ನೇ ಟಿ ಬ್ಲಾಕ್‌ನ ಸರ್ಕಾರಿ ಜನರಲ್ ಆಸ್ಪತ್ರೆಯ ಸ್ತ್ರೀರೋಗ ವಿಭಾಗವಿದೆ. ಕೆ.ಆರ್. ಮಾರುಕಟ್ಟೆಯ ಬಳಿ ವಾಣಿವಿಲಾಸ ಆಸ್ಪತ್ರೆ 1935ರಿಂದ ಮಹಿಳೆಯರಿಗೂ ಮಕ್ಕಳಿಗೂ ಚಿಕಿತ್ಸೆ ನೀಡುತ್ತಿದೆ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಡಿ ಖಾಸಗಿ ಆಸ್ಪತ್ರೆಗೆ ಹೋಗುವುದಾದರೆ ಸಾಮಾನ್ಯವಾಗಿ ಮೊದಲು ಸರ್ಕಾರಿ ಆಸ್ಪತ್ರೆಯ ಶಿಫಾರಸು ಪತ್ರ ಬೇಕು. ಹೋಗುವಾಗ ರೇಷನ್ ಕಾರ್ಡ್ ಮತ್ತು ಆಧಾರ್ ಜೊತೆಗಿರಲಿ.

ಮಹಿಳಾ ವೈದ್ಯರೇ ಬೇಕೆಂದರೆ ಆಪರೇಶನ್ ಟೇಬಲ್ ಮೇಲೆ ಮಲಗಿದಾಗ ಅಲ್ಲ, ದಿನ ಗೊತ್ತುಮಾಡುವಾಗಲೇ ಹೇಳಿ. ಸ್ತ್ರೀರೋಗ ತಜ್ಞೆ ಸಿಕ್ಕರೂ ಅರಿವಳಿಕೆ ವೈದ್ಯರು ಪುರುಷರಾಗಿರಬಹುದು. ಅದನ್ನೂ ಆಗಲೇ ಕೇಳಿಕೊಳ್ಳಿ. ಕಾಲುಗಳನ್ನು ಎತ್ತಿ ಕಟ್ಟುವ ಭಂಗಿಯಲ್ಲಿ ಈ ಆಪರೇಶನ್ ನಡೆಯುತ್ತದೆ. ಅಗತ್ಯವಿರುವ ಭಾಗ ಬಿಟ್ಟು ಉಳಿದ ದೇಹಕ್ಕೆ ಹೊದಿಕೆ ಇರುತ್ತದೆ. ಅರಿವಳಿಕೆ ಕೊಟ್ಟ ಮೇಲೆಯೇ ಭಂಗಿಗೆ ತರಲು, ಮುಗಿದೊಡನೆ ಪೂರ್ತಿ ಹೊದಿಸಲು ನರ್ಸ್‌ಗೆ ಹೇಳಿ. ದಿನಾ ಇಂಥ ವಿನಂತಿ ಕೇಳುವವರು ಅವರು, ಬೇಸರಪಡುವುದಿಲ್ಲ. ತುರ್ತು ಸಂದರ್ಭದಲ್ಲಿ ಮಾತ್ರ ಲಭ್ಯವಿರುವ ವೈದ್ಯರನ್ನು ತಡೆಯಬೇಡಿ.

ಸಹಿ ಹಾಕುವ ಮುನ್ನ

ಒಪ್ಪಿಗೆ ಪತ್ರಕ್ಕೆ ಸಹಿ ಹಾಕಬೇಕಾದವರು ನೀವು. 18 ತುಂಬಿದ ಮಹಿಳೆಯ ಚಿಕಿತ್ಸೆಗೆ ಆಕೆಯ ಒಪ್ಪಿಗೆಯೇ ಮುಖ್ಯ. ಪತಿಗೆ ವಿಷಯ ತಿಳಿದಿರುವುದು ಒಳ್ಳೆಯದು, ಆದರೆ ಅವರ ಸಹಿ ನಿಮ್ಮ ಒಪ್ಪಿಗೆಗೆ ಬದಲಿಯಲ್ಲ. ಪತ್ರ ಇಂಗ್ಲಿಷ್‌ನಲ್ಲಿದ್ದರೆ ಕನ್ನಡದಲ್ಲೋ ಉರ್ದುವಿನಲ್ಲೋ ವಿವರಿಸಲು ಕೇಳಿ.

ಈ ಬಗ್ಗೆ ಒಂದು ಪ್ರಕರಣ ಎಲ್ಲ ಮಹಿಳೆಯರಿಗೂ ತಿಳಿದಿರಬೇಕು. 1995ರ ಮೇ ತಿಂಗಳಲ್ಲಿ 44 ವರ್ಷದ ಅವಿವಾಹಿತ ಮಹಿಳೆಯೊಬ್ಬರು ಒಂಬತ್ತು ದಿನಗಳಿಂದ ನಿಲ್ಲದ ಮುಟ್ಟಿಗಾಗಿ ದೆಹಲಿಯ ಕ್ಲಿನಿಕ್ ಒಂದಕ್ಕೆ ಹೋದರು. ಅವರು ಒಪ್ಪಿದ್ದು ಲ್ಯಾಪರೋಸ್ಕೋಪಿ ಪರೀಕ್ಷೆಗೆ. ಅರಿವಳಿಕೆಯಲ್ಲಿ ಪ್ರಜ್ಞೆ ಇಲ್ಲದಿದ್ದಾಗ, ಹೊರಗೆ ಕುಳಿತಿದ್ದ ತಾಯಿಯ ಒಪ್ಪಿಗೆ ಪಡೆದು ಗರ್ಭಕೋಶ, ಅಂಡಾಶಯ ಎಲ್ಲವನ್ನೂ ತೆಗೆದರು. ಪ್ರಕರಣ ಸುಪ್ರೀಂ ಕೋರ್ಟ್ ತಲುಪಿತು. 2008ರ ಜನವರಿ 16ರಂದು ಬಂದ ತೀರ್ಪನ್ನು ಬರೆದವರು ನಮ್ಮ ಕರ್ನಾಟಕ ಹೈಕೋರ್ಟ್‌ನಲ್ಲಿ ನ್ಯಾಯಮೂರ್ತಿಯಾಗಿದ್ದ ಆರ್.ವಿ. ರವೀಂದ್ರನ್. ಪರೀಕ್ಷೆಗೆ ಕೊಟ್ಟ ಒಪ್ಪಿಗೆಯನ್ನು ಅಂಗ ತೆಗೆಯಲು ಕೊಟ್ಟ ಒಪ್ಪಿಗೆ ಎಂದು ತಿಳಿಯುವಂತಿಲ್ಲ, ಪ್ರಾಣಾಪಾಯವಿಲ್ಲದಿದ್ದರೆ ರೋಗಿಗೆ ಎಚ್ಚರವಾಗುವವರೆಗೆ ಕಾಯಬೇಕು ಎಂಬುದು ಅದರ ತಿರುಳು.

ಹಾಗಾಗಿ ಪತ್ರದಲ್ಲಿ ಏನು ಬರೆದಿದೆ ನೋಡಿ. ಡಿ ಅಂಡ್ ಸಿ ಮಾತ್ರವೋ, ಹಿಸ್ಟರೋಸ್ಕೋಪಿಯೂ ಇದೆಯೋ, ಪಾಲಿಪ್ ಕಂಡರೆ ತೆಗೆಯುತ್ತಾರೋ, ಹಾರ್ಮೋನ್ ಸಾಧನ ಅಳವಡಿಸುತ್ತಾರೋ ಎಂದು ಒಂದೊಂದಾಗಿ ಕೇಳಿ. ಕೊನೆಯಲ್ಲಿ "ತೆಗೆದದ್ದನ್ನು ಬಯಾಪ್ಸಿಗೆ ಕಳುಹಿಸುತ್ತೀರಲ್ಲವೇ?" ಎಂದೂ ಕೇಳಿ.

ಹಿಂದಿನ ದಿನ ಮತ್ತು ಆ ದಿನ

ನೀವು ತೆಗೆದುಕೊಳ್ಳುವ ಎಲ್ಲ ಔಷಧಿಗಳನ್ನೂ ವೈದ್ಯರಿಗೆ ಹೇಳಿ. ಸಕ್ಕರೆ ಕಾಯಿಲೆಯ ಮಾತ್ರೆ, ಬಿಪಿ ಮಾತ್ರೆ, ರಕ್ತ ತೆಳುವಾಗಿಸುವ ಮಾತ್ರೆ, ಯುನಾನಿ ಅಥವಾ ಗಿಡಮೂಲಿಕೆ ಔಷಧಿ ಯಾವುದೂ ಬಿಟ್ಟುಹೋಗಬಾರದು. ಯಾವುದನ್ನು ನಿಲ್ಲಿಸಬೇಕೆಂದು ಅವರೇ ಹೇಳುತ್ತಾರೆ, ನೀವಾಗಿ ನಿಲ್ಲಿಸಬೇಡಿ. ಗರ್ಭಿಣಿಯಾಗಿರುವ ಸಾಧ್ಯತೆ ಇದ್ದರೆ ಮುಚ್ಚಿಡಬೇಡಿ.

ಅರಿವಳಿಕೆ ಕೊಡುವುದಿದ್ದರೆ ಸಾಮಾನ್ಯವಾಗಿ 6 ಗಂಟೆ ಮೊದಲಿನಿಂದ ಆಹಾರ ಬೇಡ, 2 ಗಂಟೆ ಮೊದಲಿನಿಂದ ನೀರೂ ಬೇಡ. ಹಾಲು ಹಾಕಿದ ಚಹಾ ಆಹಾರದ ಲೆಕ್ಕಕ್ಕೇ ಬರುತ್ತದೆ. ಹೊಟ್ಟೆ ತುಂಬಿದ್ದರೆ ಅರಿವಳಿಕೆಯಲ್ಲಿ ವಾಂತಿ ಶ್ವಾಸಕೋಶಕ್ಕೆ ಇಳಿಯಬಹುದು. "ಸ್ವಲ್ಪ ತಿಂದೆ" ಎಂಬುದನ್ನೂ ಮರೆಮಾಚದೆ ಹೇಳಿ, ಹೆಚ್ಚೆಂದರೆ ಆಪರೇಶನ್ ಕೆಲವು ಗಂಟೆ ತಡವಾಗುತ್ತದೆ.

ಉಗುರುಬಣ್ಣ ತೆಗೆಯಿರಿ. ಈದ್ ಅಥವಾ ಮದುವೆಗೆ ಹಾಕಿದ ಗಾಢ ಮೆಹಂದಿ ಬೆರಳ ತುದಿಯಲ್ಲಿದ್ದರೆ ನರ್ಸ್‌ಗೆ ತಿಳಿಸಿ. ರಕ್ತದ ಆಮ್ಲಜನಕ ಅಳೆಯುವ ಕ್ಲಿಪ್ಪನ್ನು ಬೆರಳಿಗೆ ಹಾಕುವುದರಿಂದ ಅದು ಅಡ್ಡಿಯಾಗಬಹುದು, ಆಗ ಕಿವಿಗೆ ಹಾಕುತ್ತಾರೆ. ಆಭರಣ ಮನೆಯಲ್ಲಿಟ್ಟು ಬನ್ನಿ.

ಕೆಲವರಿಗೆ ಗರ್ಭಕೋಶದ ಬಾಯಿ ಮೃದುವಾಗಲು ಮೊದಲೇ ಒಂದು ಮಾತ್ರೆ ಕೊಡುತ್ತಾರೆ. ಅದರಿಂದ ಕಿಬ್ಬೊಟ್ಟೆ ಹಿಂಡುವುದು, ಚಳಿ, ಭೇದಿ ಆಗಬಹುದು. ಗಾಬರಿ ಬೇಡ. ಆಪರೇಶನ್ ಹತ್ತರಿಂದ ಮೂವತ್ತು ನಿಮಿಷ. ಹೆಚ್ಚಿನವರಿಗೆ ಅಲ್ಪಕಾಲದ ಅರಿವಳಿಕೆ ಕೊಡುವುದರಿಂದ ನೋವು ತಿಳಿಯುವುದಿಲ್ಲ. ಎಚ್ಚರವಾದಾಗ ಮುಟ್ಟಿನ ನೋವಿನಂಥ ಸೆಳೆತ, ಸ್ವಲ್ಪ ವಾಕರಿಕೆ, ನಡುಕ ಇರಬಹುದು. ಕೆಲವು ಗಂಟೆ ನೋಡಿಕೊಂಡು, ನೀವು ಮೂತ್ರ ಮಾಡಿ, ಏನಾದರೂ ಕುಡಿದ ಮೇಲೆ ಕಳುಹಿಸುತ್ತಾರೆ. ಜೊತೆಗೆ ದೊಡ್ಡವರೊಬ್ಬರು ಇರಲೇಬೇಕು. ಸ್ಕೂಟರ್ ಹಿಂದೆ ಕುಳಿತು ಬನ್ನೇರುಘಟ್ಟ ರಸ್ತೆಯ ಹಂಪ್‌ಗಳನ್ನು ದಾಟುವ ಸಾಹಸ ಬೇಡ, ಆಟೋ ಅಥವಾ ಕಾರಿನಲ್ಲಿ ಬನ್ನಿ.

ಗರ್ಭಪಾತವಾದವರಲ್ಲಿ ರಕ್ತದ ಗುಂಪು ನೆಗೆಟಿವ್ ಇದ್ದರೆ ಆಂಟಿ ಡಿ ಇಂಜೆಕ್ಷನ್ ಬಗ್ಗೆ ಅಂದೇ ಕೇಳಿ. ಬೇಕಿದ್ದರೆ ಅದನ್ನು 72 ಗಂಟೆಯೊಳಗೆ ಕೊಡಬೇಕು. ಮುಂದಿನ ಮಗುವಿನ ರಕ್ಷಣೆಗೆ ಅದು ಮುಖ್ಯ.

ಮನೆಗೆ ಬಂದ ಮೇಲೆ

ಮೊದಲ 24 ಗಂಟೆ ವಾಹನ ಓಡಿಸಬೇಡಿ, ಮುಖ್ಯ ಕಾಗದಗಳಿಗೆ ಸಹಿ ಹಾಕಬೇಡಿ, ಒಬ್ಬರೇ ಒಲೆಯ ಮುಂದೆ ನಿಲ್ಲಬೇಡಿ. ಮರುದಿನದಿಂದ ಮನೆಯೊಳಗೆ ಓಡಾಡಬಹುದು. ಎರಡು ಮೂರು ದಿನಗಳಲ್ಲಿ ಹೆಚ್ಚಿನವರು ಕೆಲಸಕ್ಕೆ ಮರಳುತ್ತಾರೆ. ತುಂಬಿದ ಕೊಡ, ಗ್ಯಾಸ್ ಸಿಲಿಂಡರ್ ಎತ್ತುವುದನ್ನು ಮಾತ್ರ ಕೆಲವು ದಿನ ಬೇರೆಯವರಿಗೆ ಬಿಡಿ.

ಸ್ವಲ್ಪ ರಕ್ತ ಅಥವಾ ಕಂದು ಬಣ್ಣದ ಸ್ರಾವ ಕೆಲವು ದಿನಗಳಿಂದ ಎರಡು ವಾರದವರೆಗೆ ಇರಬಹುದು. ಪ್ಯಾಡ್ ಬಳಸಿ, ಒಳಗೆ ಇಡುವ ಟ್ಯಾಂಪೂನ್, ಕಪ್ ಬೇಡ. ಪ್ಯಾಡನ್ನು ಆಗಾಗ ಬದಲಿಸಿ. ಹೊರಭಾಗವನ್ನು ಶುದ್ಧ ನೀರಿನಿಂದ ಮುಂದಿನಿಂದ ಹಿಂದಕ್ಕೆ ತೊಳೆದರೆ ಸಾಕು. ಒಳಗೆ ನೀರು ಚಿಮ್ಮಿಸುವುದು, ಡೆಟಾಲ್‌ನಂಥ ದ್ರಾವಣ ಹಾಕುವುದು ಸೋಂಕಿಗೆ ಆಹ್ವಾನ. ಬಕೆಟ್ ನೀರಿನಲ್ಲಿ ಸ್ನಾನ ಮಾಡಲು ಅಡ್ಡಿಯಿಲ್ಲ.

ಪತಿಯರಿಗೂ ಒಂದು ಮಾತು. ಸ್ರಾವ ಪೂರ್ತಿ ನಿಂತು ವೈದ್ಯರು ಸರಿ ಎನ್ನುವವರೆಗೆ ದಾಂಪತ್ಯ ಸಂಪರ್ಕ ಬೇಡ. ಸಾಮಾನ್ಯವಾಗಿ ಒಂದೆರಡು ವಾರ ಕಾಯಬೇಕಾಗುತ್ತದೆ. ನೋಡಲು ಬರುವ ನೆಂಟರಿಗೆ ಚಹಾ ಮಾಡುವ ಕೆಲಸವೂ ಆ ದಿನಗಳಲ್ಲಿ ನಿಮ್ಮದೇ. ಗರ್ಭಪಾತದ ನಂತರದ ಆಪರೇಶನ್ ಆಗಿದ್ದರೆ ಆಕೆಯ ದೇಹದ ಜೊತೆಗೆ ಮನಸ್ಸೂ ನೊಂದಿರುತ್ತದೆ. "ಇನ್ನೊಂದಾಗುತ್ತದೆ ಬಿಡು" ಎನ್ನುವುದಕ್ಕಿಂತ ಹತ್ತಿರ ಕುಳಿತು ಅವರ ಮಾತು ಕೇಳುವುದು ಮೇಲು.

ತಿಂಗಳುಗಟ್ಟಲೆ ರಕ್ತ ಹೋದವರಲ್ಲಿ ಹೆಚ್ಚಾಗಿ ರಕ್ತಹೀನತೆ ಇರುತ್ತದೆ. ಹಿಮೋಗ್ಲೋಬಿನ್ 12ಕ್ಕಿಂತ ಕಡಿಮೆ ಇದ್ದರೆ ಕಬ್ಬಿಣದ ಮಾತ್ರೆ ಬೇಕಾಗುತ್ತದೆ. ಅದನ್ನು ಚಹಾದ ಜೊತೆ ನುಂಗಿದರೆ ದೇಹಕ್ಕೆ ಹತ್ತುವುದಿಲ್ಲ, ನಿಂಬೆ ಪಾನಕದ ಜೊತೆ ತೆಗೆದುಕೊಳ್ಳಿ. ಸೊಪ್ಪು, ಕಾಳು, ಮಾಂಸ, ಕಲೇಜಿ ಒಳ್ಳೆಯದು.

ಮುಂದಿನ ಮುಟ್ಟು ಸ್ವಲ್ಪ ಬೇಗನೆಯೋ ತಡವಾಗಿಯೋ ಬರಬಹುದು. ಹೆಚ್ಚಾಗಿ ನಾಲ್ಕರಿಂದ ಆರು ವಾರದೊಳಗೆ ಬರುತ್ತದೆ.

ಕಾಯದೆ ಆಸ್ಪತ್ರೆಗೆ ಹೋಗಬೇಕಾದ ಲಕ್ಷಣಗಳು

ಗರ್ಭಕೋಶಕ್ಕೆ ರಂಧ್ರವಾಗುವುದು, ಸೋಂಕು ಮುಂತಾದ ತೊಂದರೆಗಳು ಅಪರೂಪ. ಆದರೆ ಆದಾಗ ಬೇಗ ಗುರುತಿಸಬೇಕು. ಈ ಪಟ್ಟಿಯನ್ನು ಕತ್ತರಿಸಿ ಫ್ರಿಜ್ ಮೇಲೆ ಅಂಟಿಸಿ:

- ಗಂಟೆಗೆ ಎರಡು ಪ್ಯಾಡ್ ಪೂರ್ತಿ ನೆನೆಯುವಷ್ಟು ರಕ್ತ, ಅದೂ ಸತತ ಎರಡು ಗಂಟೆ
- 100.4 ಡಿಗ್ರಿ ಫ್ಯಾರನ್‌ಹೀಟ್ ಅಥವಾ ಅದಕ್ಕಿಂತ ಹೆಚ್ಚು ಜ್ವರ, ಚಳಿ ನಡುಕ
- ಕೆಟ್ಟ ವಾಸನೆಯ ಸ್ರಾವ
- ಮಾತ್ರೆಗೂ ಬಗ್ಗದೆ ಹೆಚ್ಚುತ್ತಲೇ ಹೋಗುವ ಹೊಟ್ಟೆನೋವು, ಹೊಟ್ಟೆ ಉಬ್ಬರ, ನಿಲ್ಲದ ವಾಂತಿ
- ತಲೆಸುತ್ತು, ಎಚ್ಚರ ತಪ್ಪುವುದು

ರಾತ್ರಿಯಾಗಿದ್ದರೂ ಬೆಳಗಾಗಲೆಂದು ಕಾಯಬೇಡಿ. 108ಕ್ಕೆ ಕರೆ ಮಾಡಿ. ಇನ್ನೊಂದು, ಅಷ್ಟು ತುರ್ತಲ್ಲದ ಲಕ್ಷಣ: ಆರರಿಂದ ಎಂಟು ವಾರವಾದರೂ ಮುಟ್ಟು ಬಾರದಿದ್ದರೆ ವೈದ್ಯರಿಗೆ ತಿಳಿಸಿ.

ನಮಾಝ್ ಮತ್ತು ಉಪವಾಸ

"ಈ ರಕ್ತ ಹೈಝ್ ಹೌದೋ ಅಲ್ಲವೋ?" ಎಂಬ ಪ್ರಶ್ನೆ ಎಲ್ಲರಲ್ಲೂ ಇರುತ್ತದೆ. ಗರ್ಭವಿಲ್ಲದೆ, ತಪಾಸಣೆಗಾಗಿ ಮಾಡಿದ ಆಪರೇಶನ್ ನಂತರದ ರಕ್ತವನ್ನು ಅನೇಕ ವಿದ್ವಾಂಸರು ಇಸ್ತಿಹಾಝಾದ ಸಾಲಿಗೆ ಸೇರಿಸುತ್ತಾರೆ. ಅಂದರೆ ಶುಚಿಗೊಳಿಸಿ, ಪ್ಯಾಡ್ ಧರಿಸಿ, ಆಯಾ ನಮಾಝಿನ ವೇಳೆಗೆ ವುಝೂ ಮಾಡಿ ನಮಾಝ್ ನಿರ್ವಹಿಸುವುದು. ಗರ್ಭಪಾತದ ನಂತರವಾದರೆ ಭ್ರೂಣಕ್ಕೆ ಮಾನವ ಆಕಾರ ಬಂದಿತ್ತೇ ಎಂಬುದರ ಮೇಲೆ ನಿಫಾಸ್‌ನ ವಿಧಿ ನಿಲ್ಲುತ್ತದೆ. ವಿವರಗಳಲ್ಲಿ ಮದ್‌ಹಬ್‌ಗಳ ನಡುವೆ ವ್ಯತ್ಯಾಸವಿದೆ. ಆದ್ದರಿಂದ ಆಲಿಮರನ್ನು ಕೇಳುವಾಗ ಮೂರು ವಿಷಯ ಸ್ಪಷ್ಟವಾಗಿ ಹೇಳಿ: ಗರ್ಭವಿತ್ತೇ, ಇದ್ದರೆ ಎಷ್ಟು ವಾರ, ಆಪರೇಶನ್ ಆದ ದಿನ, ನಿಮ್ಮ ಮಾಮೂಲು ಮುಟ್ಟಿನ ದಿನಗಳು. ನೇರವಾಗಿ ಕೇಳಲು ಸಂಕೋಚವಾದರೆ ಆಲಿಮಾ ಒಬ್ಬರ ಮೂಲಕ ಕೇಳಿಸಿ. ನಿಲ್ಲಲಾಗದಷ್ಟು ಸುಸ್ತಿದ್ದರೆ ಕುಳಿತು ನಮಾಝ್ ಮಾಡಬಹುದು. ರಮಝಾನಿನಲ್ಲಿ ಆಪರೇಶನ್ ಆದರೆ ರೋಗಿಗಿರುವ ರಿಯಾಯಿತಿ ಬಳಸಿಕೊಳ್ಳಿ. ಔಷಧಿ ಬಿಟ್ಟು ಉಪವಾಸ ಹಿಡಿಯಬೇಡಿ, ಆ ದಿನಗಳನ್ನು ನಂತರ ಪೂರೈಸಿ.

ವರದಿ ಏನು ಹೇಳುತ್ತದೆ?

ತೆಗೆದ ಅಂಶವನ್ನು ಫಾರ್ಮಲಿನ್ ದ್ರಾವಣದಲ್ಲಿಟ್ಟು ಪ್ರಯೋಗಾಲಯಕ್ಕೆ ಕಳುಹಿಸುತ್ತಾರೆ. ಮಕ್ಕಳಾಗದ ಕಾರಣಕ್ಕೆ ಟಿಬಿ ಪರೀಕ್ಷೆಯೂ ಬೇಕಿದ್ದರೆ ಒಂದು ಭಾಗವನ್ನು ಬೇರೆಯಾಗಿ ಸಲೈನ್‌ನಲ್ಲಿ ಕಳುಹಿಸಬೇಕು. ಫಲಿತಾಂಶಕ್ಕೆ ಸಾಮಾನ್ಯವಾಗಿ ಒಂದು ವಾರ ಹಿಡಿಯುತ್ತದೆ. ಎಷ್ಟೋ ಬಾರಿ ರಕ್ತ ನಿಂತಿತಲ್ಲ ಎಂದು ಯಾರೂ ವರದಿ ತರಲು ಹೋಗುವುದೇ ಇಲ್ಲ. ಹಾಗೆ ಮಾಡಬೇಡಿ.

"ಪ್ರೊಲಿಫರೇಟಿವ್" ಅಥವಾ "ಸೆಕ್ರೆಟರಿ" ಎಂದಿದ್ದರೆ ಅದು ತಿಂಗಳ ಚಕ್ರದ ಸಹಜ ಪೊರೆ. "ಹೈಪರ್‌ಪ್ಲೇಸಿಯಾ, ಏಟಿಪಿಯಾ ಇಲ್ಲ" ಎಂದಿದ್ದರೆ ಪೊರೆ ಅತಿಯಾಗಿ ಬೆಳೆದಿದೆ, ಆದರೆ ಜೀವಕೋಶಗಳು ಕೆಟ್ಟಿಲ್ಲ. ಇದು ಕ್ಯಾನ್ಸರ್ ಆಗುವ ಸಾಧ್ಯತೆ 20 ವರ್ಷಗಳಲ್ಲಿ ಶೇಕಡ 5ಕ್ಕಿಂತಲೂ ಕಡಿಮೆ. ಹಾರ್ಮೋನ್ ಮಾತ್ರೆ ಅಥವಾ ಗರ್ಭಕೋಶದೊಳಗೆ ಇಡುವ ಹಾರ್ಮೋನ್ ಸಾಧನದಿಂದ ಹೆಚ್ಚಿನವರಿಗೆ ಗುಣವಾಗುತ್ತದೆ. "ಏಟಿಪಿಯಾ ಇದೆ" ಎಂದಿದ್ದರೆ ವಿಷಯ ಗಂಭೀರ, ಆಗ ಗರ್ಭಕೋಶ ತೆಗೆಯುವ ಸಲಹೆಗೆ ಅರ್ಥವಿದೆ. ಕ್ಯಾನ್ಸರ್ ಎಂದು ಬಂದರೆ ತಡಮಾಡದೆ ಕ್ಯಾನ್ಸರ್ ತಜ್ಞರನ್ನು ಕಾಣಿ. ನಿಮ್ಹಾನ್ಸ್ ಕಡೆಯ ಕಿದ್ವಾಯಿ ಆಸ್ಪತ್ರೆ ದಕ್ಷಿಣ ಬೆಂಗಳೂರಿನವರಿಗೆ ದೂರವಲ್ಲ. ಗರ್ಭಪಾತದ ನಂತರದ ವರದಿಯಲ್ಲಿ "ಮೋಲ್" ಎಂದಿದ್ದರೆ ಹಲವು ವಾರಗಳ ರಕ್ತ ಪರೀಕ್ಷೆ ಬೇಕಾಗುತ್ತದೆ.

ವರದಿಯ ಮಾತನ್ನು ಇಷ್ಟು ಒತ್ತಿ ಹೇಳಲು ಕಾರಣವಿದೆ. 2015ರ ಸುಮಾರಿಗೆ ನಮ್ಮದೇ ರಾಜ್ಯದ ಕಲಬುರಗಿ ಜಿಲ್ಲೆಯಲ್ಲಿ ಬಡ ಮಹಿಳೆಯರ, ಅದರಲ್ಲೂ ಲಂಬಾಣಿ ತಾಂಡಾಗಳ ಮಹಿಳೆಯರ ಗರ್ಭಕೋಶಗಳನ್ನು ಅನಗತ್ಯವಾಗಿ ತೆಗೆದ ದೂರುಗಳು ದೊಡ್ಡ ಸುದ್ದಿಯಾಗಿ ತನಿಖೆ ನಡೆಯಿತು. ಹೊಟ್ಟೆನೋವು, ಬಿಳಿಸ್ರಾವ ಎಂದು ಹೋದವರಲ್ಲಿ ನಲವತ್ತು ತುಂಬದವರೂ ಇದ್ದರು. ಬೇರೆ ರಾಜ್ಯಗಳಿಂದಲೂ ಇಂಥ ದೂರುಗಳು ಬಂದಾಗ ಸುಪ್ರೀಂ ಕೋರ್ಟ್ 2023ರ ಏಪ್ರಿಲ್‌ನಲ್ಲಿ, ಅನಗತ್ಯ ಗರ್ಭಕೋಶ ಶಸ್ತ್ರಚಿಕಿತ್ಸೆ ತಡೆಯುವ ಕೇಂದ್ರದ ಮಾರ್ಗಸೂಚಿಗಳನ್ನು ಎಲ್ಲ ರಾಜ್ಯಗಳೂ ಅಳವಡಿಸಿಕೊಳ್ಳಬೇಕೆಂದು ಆದೇಶಿಸಿತು. "ತೆಗೆಸಿಬಿಡು" ಎಂಬ ಮಾತು ನೆಂಟರಿಂದ ಬರಲಿ, ವೈದ್ಯರಿಂದ ಬರಲಿ, ನಿಮ್ಮ ಮೊದಲ ಪ್ರಶ್ನೆ "ಬಯಾಪ್ಸಿ ವರದಿ ಏನು ಹೇಳುತ್ತದೆ?" ಎಂದಾಗಿರಲಿ. ಸಂಶಯವಿದ್ದರೆ ಆ ವರದಿಯನ್ನು ಇನ್ನೊಬ್ಬ ತಜ್ಞರಿಗೂ ತೋರಿಸಿ.

ಸ್ಕ್ಯಾನ್, ಡಿಸ್ಚಾರ್ಜ್ ಪತ್ರ, ಬಯಾಪ್ಸಿ ವರದಿ ಮೂರನ್ನೂ ಒಂದು ಫೈಲ್‌ನಲ್ಲಿಟ್ಟು ಫೋನಿನಲ್ಲೂ ಚಿತ್ರ ತೆಗೆದಿಡಿ. ಇಂದು ಸಂಜೆ ನಿಮ್ಮ ಅಮ್ಮನ, ಅತ್ತೆಯ ಪಕ್ಕದಲ್ಲಿ ಕುಳಿತು ಮೆಲ್ಲಗೆ ಕೇಳಿ: "ಮುಟ್ಟು ನಿಂತ ಮೇಲೆ ಎಂದಾದರೂ ರಕ್ತ ಕಂಡಿತ್ತೇ?" ನೀವು ಕೇಳಿದರೆ ಅವರು ಹೇಳಿಯಾರು. ಅಲ್ಲಾಹನು ಎಲ್ಲ ತಾಯಂದಿರಿಗೂ ಸಹೋದರಿಯರಿಗೂ ಆರೋಗ್ಯ ದಯಪಾಲಿಸಲಿ.